ನಮಗೆ ನಾವೇ ಕಟ್ಟಿಕೊಂಡ ಎರಡು ಬೆಲೆ

ನಮ್ಮ ತಿಪಟೂರು ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಮುಟ್ಟುವುದಿಲ್ಲ. ಒಳಗಿನ ನೀರು ತಾನಾಗಿ ಇಂಗುತ್ತದೆ. ಕಾಯಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿ ಆಗುತ್ತದೆ. ಆಯಿತೋ ಇಲ್ಲವೋ ಎಂದು ಕಿವಿಯೇ ಹೇಳಬೇಕು. ಹತ್ತಿರ ಹಿಡಿದು ಅಲ್ಲಾಡಿಸಿದಾಗ ಲೊಡಲೊಡ ಅಂದರೆ ಕೊಬ್ಬರಿ ಆಗಿದೆ. ಕುಳುಕುಳು ಅಂದರೆ ಇನ್ನೂ ನೀರಿದೆ.

ನನಗಾಗ ಹತ್ತು ವರ್ಷ. ಅಪ್ಪ ಅಟ್ಟದಿಂದ ಇಳಿಸಿಟ್ಟಿದ್ದ ಕಾಯಿಗಳನ್ನು ನಾನೇ ಒಂದೊಂದಾಗಿ ಅಲ್ಲಾಡಿಸಿ ಎರಡು ರಾಶಿ ಮಾಡಿದೆ. ಮಧ್ಯಾಹ್ನ ಪೂರ್ತಿ ಹಿಡಿಯಿತು. ಸಂಜೆ ಅಪ್ಪ ಬಂದರು. ಬೈಯಲಿಲ್ಲ. ರಾಶಿ ಪಕ್ಕ ಕುಕ್ಕರಗಾಲಲ್ಲಿ ಕೂತು, ಮೊದಲನೇ ಕಾಯಿಯಿಂದ ಹಿಡಿದು ಎಲ್ಲವನ್ನೂ ಮತ್ತೆ ಅಲ್ಲಾಡಿಸಿ ನೋಡಿದರು. ಒಂದನ್ನೂ ಆ ರಾಶಿಯಿಂದ ಈ ರಾಶಿಗೆ ಹಾಕಲಿಲ್ಲ. ಸರಿಯಾಗಿದೆ ಅಂತಲೂ ಹೇಳಲಿಲ್ಲ. ಎದ್ದು ಕೈಕಾಲು ತೊಳೆಯಲು ಹೋದರು.

ಈಗ ನನಗೆ 46. ತುಮಕೂರಿನ ಒಂದು ಬಿ.ಎಡ್. ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತೇನೆ. ನಾನು ಒಳ್ಳೆಯ ಟೀಚರ್. ಯಾರಾದರೂ ಕೇಳಿದರೆ ಹಾಗೇ ಹೇಳುತ್ತೇನೆ, ನಂಬಿಯೇ ಹೇಳುತ್ತೇನೆ. ಆದರೆ ಇತ್ತೀಚಿನವರೆಗೂ ಅಂಕಪಟ್ಟಿಯನ್ನು ಐದು ಸಲ ಕೂಡದೆ ಯಾರ ಕೈಗೂ ಕೊಡಲು ನನ್ನಿಂದ ಆಗುತ್ತಿರಲಿಲ್ಲ. "ಮೇಡಂ, ಸ್ವಲ್ಪ ಬಂದು ಹೋಗಿ" ಎಂದು ಮೇಲಿನವರಿಂದ ಕರೆ ಬಂದರೆ ಸಾಕು. ಕಾರಿಡಾರ್ ದಾಟುವಷ್ಟರಲ್ಲಿ, ಎಲ್ಲಿ ತಪ್ಪಾಗಿರಬಹುದು ಎಂದು ಮೂರು ಕಡೆ ಹುಡುಕಿರುತ್ತೇನೆ. ಬಾಯಿ ಹೇಳುವ ಬೆಲೆ ಒಂದು, ಮೈ ಹೇಳುವ ಬೆಲೆ ಇನ್ನೊಂದು. ಇವೆರಡನ್ನೂ ಗುರುತಿಸುವುದು ಹೇಗೆ, ಒಳಗಿನದು ಕಡಿಮೆ ಇದ್ದರೆ ಏನು ಮಾಡಬಹುದು ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ. ಪಾಠ ಮಾಡಿ ಕಲಿತದ್ದೂ ಇದೆ, ನನ್ನ ಮೇಲೆ ನಾನೇ ಪ್ರಯೋಗ ಮಾಡಿ ಕಲಿತದ್ದೂ ಇದೆ.

ಪಠ್ಯದಲ್ಲಿ ಇದನ್ನು ಆತ್ಮಗೌರವ ಎನ್ನುತ್ತೇವೆ. ಮನೆಮಾತಿನಲ್ಲಿ ಸ್ವಾಭಿಮಾನ ಅಂದರೆ ಇನ್ನೊಬ್ಬರ ಮುಂದೆ ಕೈ ಚಾಚದಿರುವುದು ಎಂಬ ಅರ್ಥ ಬಂದುಬಿಡುತ್ತದೆ. ಅದಕ್ಕೇ ನಾನು ಸುಮ್ನೆ ಬೆಲೆ ಅನ್ನುತ್ತೇನೆ. ಯೋಚಿಸಿ ಹೇಳುವುದು ಹೊರಗಿನ ಬೆಲೆ. ಯೋಚನೆ ಶುರುವಾಗುವ ಮೊದಲೇ ಎದೆಬಡಿತದಲ್ಲಿ, ದನಿಯಲ್ಲಿ, ಕೈಯಲ್ಲಿ ಬಂದುಬಿಡುವುದು ಒಳಗಿನ ಬೆಲೆ. ಈ ಒಳಗಿನದರ ಕಡೆಗೆ ಸಂಶೋಧಕರ ಗಮನವನ್ನು ಜೋರಾಗಿ ತಿರುಗಿಸಿದ ಲೇಖನ ಬಂದದ್ದು 1995ರಲ್ಲಿ. ಬರೆದವರು ಆಂಥೊನಿ ಗ್ರೀನ್‌ವಾಲ್ಡ್ ಮತ್ತು ಮಹಜರೀನ್ ಬಾನಾಜಿ. ಬಾನಾಜಿ ನಮ್ಮ ಪಕ್ಕದ ಸಿಕಂದರಾಬಾದಿನಲ್ಲಿ ಹುಟ್ಟಿ, ಉಸ್ಮಾನಿಯಾದಲ್ಲಿ ಓದಿದವರು. ಇದನ್ನು ನನ್ನ ಕ್ಲಾಸಿನ ಹೆಣ್ಣುಮಕ್ಕಳಿಗೆ ಪ್ರತಿ ವರ್ಷವೂ ಹೇಳುತ್ತೇನೆ.

ಹೊರಗಿನದನ್ನು ನೋಡಿಕೊಳ್ಳುವುದು ಸುಲಭ

ಮಾರಿಸ್ ರೋಸೆನ್‌ಬರ್ಗ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1965ರಲ್ಲಿ ಹತ್ತು ವಾಕ್ಯಗಳ ಒಂದು ಪಟ್ಟಿ ಮಾಡಿದರು. ಹೈಸ್ಕೂಲ್ ಮಕ್ಕಳಿಗಾಗಿ ಮಾಡಿದ್ದು. ಇವತ್ತಿಗೂ ಎಲ್ಲ ಕಡೆ ಬಳಸುವುದು ಅದನ್ನೇ. ಐದು ವಾಕ್ಯ ನಮ್ಮ ಪರ, ಐದು ನಮ್ಮ ವಿರುದ್ಧ. ಒಟ್ಟಾರೆ ನನ್ನ ಬಗ್ಗೆ ನನಗೆ ತೃಪ್ತಿ ಇದೆ, ಕೆಲವು ಸಲ ನಾನು ಏನಕ್ಕೂ ಬರುವುದಿಲ್ಲ ಅನಿಸುತ್ತದೆ, ಹೀಗೆ. ಪ್ರತಿಯೊಂದಕ್ಕೂ ಪೂರ್ತಿ ಒಪ್ಪುತ್ತೇನೆ ಎನ್ನುವುದರಿಂದ ಸ್ವಲ್ಪವೂ ಒಪ್ಪುವುದಿಲ್ಲ ಎನ್ನುವವರೆಗೆ ನಾಲ್ಕು ಉತ್ತರ. ಪೂರ್ತಿ ಒಪ್ಪಿದರೆ 3 ಅಂಕ, ಸ್ವಲ್ಪವೂ ಒಪ್ಪದಿದ್ದರೆ 0. ವಿರುದ್ಧದ ವಾಕ್ಯಗಳಿಗೆ ಅಂಕವನ್ನು ತಿರುಗಿಸಿ ಹಾಕಬೇಕು. ಒಟ್ಟು 30ಕ್ಕೆ.

ಪಟ್ಟಿ ಸಿಗದಿದ್ದರೂ ಪರವಾಗಿಲ್ಲ. ಒಂದು ಹಾಳೆಯಲ್ಲಿ "ನಾನು ಎಂಥವಳು" ಅಥವಾ "ಎಂಥವನು" ಎಂದು ಬರೆದು, ಕೆಳಗೆ ಹತ್ತು ಸಾಲು ಬರೆಯಿರಿ. ನಿಧಾನವಾಗಿ, ಯೋಚಿಸಿ ಬರೆಯಿರಿ. ದಿನಾಂಕ ಹಾಕಿ ಮಡಿಸಿಡಿ.

ಒಂದು ಮಾತು ನೆನಪಿರಲಿ. ನಮ್ಮಲ್ಲಿ ತನ್ನನ್ನು ತಾನು ಹೊಗಳಿಕೊಳ್ಳುವುದು ಮರ್ಯಾದೆಯಲ್ಲ. "ನಮ್ಮದೇನಿದೆ ಬಿಡಿ, ಎಲ್ಲ ದೊಡ್ಡವರ ಆಶೀರ್ವಾದ" ಎನ್ನುವುದು ಬರೀ ನಡವಳಿಕೆ, ಅದರಿಂದ ಒಳಗೂ ಬೆಲೆ ಕಡಿಮೆ ಎಂದು ಲೆಕ್ಕ ಹಾಕಬಾರದು. ಜಪಾನ್, ಚೀನಾ ಮತ್ತು ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ವಿನಯಕ್ಕೆ ಹೆಸರಾದ ಜಪಾನಿನ ಮಕ್ಕಳಲ್ಲೂ ಒಳಗಿನ ಬೆಲೆ ಚೆನ್ನಾಗಿಯೇ ಇತ್ತು. ಹಾಗಾಗಿ ನಿಮ್ಮ ಅತ್ತೆ "ನನಗೇನು ಗೊತ್ತಮ್ಮ" ಅಂದರೆ ಅವರು ಕುಗ್ಗಿಹೋಗಿದ್ದಾರೆ ಎಂದು ಬೇಜಾರು ಮಾಡಿಕೊಳ್ಳಬೇಡಿ. ಮಾತು ಮುಗಿಸಿ ಅವರು ಅಡುಗೆಮನೆಗೆ ಹೇಗೆ ನಡೆದು ಹೋಗುತ್ತಾರೆ, ನೋಡಿ.

ಒಳಗಿನದನ್ನು ಹಿಡಿಯುವುದು

ಇದಕ್ಕೆ ಪರೀಕ್ಷೆಗಳಿವೆ. 1985ರಲ್ಲಿ ಬೆಲ್ಜಿಯಂನ ನುಟಿನ್ ಎಂಬ ವಿಜ್ಞಾನಿ ಒಂದು ಸಂಗತಿ ತೋರಿಸಿದರು. ಜನರಿಗೆ ತಮ್ಮ ಹೆಸರಿನಲ್ಲಿರುವ ಅಕ್ಷರಗಳು ಉಳಿದ ಅಕ್ಷರಗಳಿಗಿಂತ ಜಾಸ್ತಿ ಇಷ್ಟವಾಗುತ್ತವೆ, ಯಾಕೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಕ್ಲಾಸಿನಲ್ಲಿ ನಾನು ಇದನ್ನು ಕನ್ನಡ ವರ್ಣಮಾಲೆಯಲ್ಲಿ ಮಾಡಿಸುತ್ತೇನೆ. ಪ್ರತಿ ಅಕ್ಷರಕ್ಕೂ ಒಂದರಿಂದ ಒಂಬತ್ತರವರೆಗೆ, ಯೋಚಿಸದೆ, ನೋಡಲು ಎಷ್ಟು ಇಷ್ಟ ಎಂದು ಅಂಕ ಹಾಕಿ ಎನ್ನುತ್ತೇನೆ. ಆಮೇಲೆ ನಿಮ್ಮ ಹೆಸರಿನ ಮೊದಲ ಅಕ್ಷರಕ್ಕೆ ಎಷ್ಟು ಬಿದ್ದಿದೆ ನೋಡಿ ಎಂದಾಗ ಕ್ಲಾಸು ಒಂದು ಕ್ಷಣ ಗಪ್ಪಾಗುತ್ತದೆ. ಇನ್ನೊಂದು ಪರೀಕ್ಷೆ ಕಂಪ್ಯೂಟರಿನದು. 'ನಾನು' ಎಂಬುದನ್ನು ಒಳ್ಳೆಯ ಪದಗಳ ಜೊತೆ ಸೇರಿಸಲು ಎಷ್ಟು ಹೊತ್ತು, ಕೆಟ್ಟ ಪದಗಳ ಜೊತೆ ಸೇರಿಸಲು ಎಷ್ಟು ಹೊತ್ತು ಎಂದು ಅದು ಮಿಲಿಸೆಕೆಂಡ್ ಲೆಕ್ಕದಲ್ಲಿ ಅಳೆಯುತ್ತದೆ.

ಆದರೆ ಈ ಪರೀಕ್ಷೆಗಳ ಅಂಕ ನೋಡಿ ಯಾರೂ ಹಿಗ್ಗಬಾರದು, ಯಾರೂ ಅಳಬಾರದು. 2000ನೇ ಇಸವಿಯಲ್ಲಿ ಸಂಶೋಧಕರು ಒಳಗಿನ ಬೆಲೆ ಅಳೆಯುವ ಏಳು ವಿಧಾನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಒಂದು ಹೇಳಿದ್ದಕ್ಕೂ ಇನ್ನೊಂದು ಹೇಳಿದ್ದಕ್ಕೂ ಹೆಚ್ಚೇನೂ ತಾಳೆ ಬೀಳಲಿಲ್ಲ. ಕುರುಡರು ಆನೆ ಮುಟ್ಟಿದ ಕಥೆಯನ್ನು ಅವರು ತಮ್ಮ ಲೇಖನದ ತಲೆಬರಹದಲ್ಲೇ ನೆನೆದರು. ಹೊರಗಿನ ಬೆಲೆಗೂ ಒಳಗಿನ ಬೆಲೆಗೂ ನಡುವೆ ಕಂಡ ಸಂಬಂಧವೂ ತೆಳುವೇ. ಒಂದು ಹೆಚ್ಚಿದ್ದರೆ ಇನ್ನೊಂದೂ ಹೆಚ್ಚಿರುತ್ತದೆ ಎಂದು ಹೇಳುವಂತಿಲ್ಲ. ಕಡಿಮೆ ಇರುತ್ತದೆ ಎಂದೂ ಹೇಳುವಂತಿಲ್ಲ.

ಹಾಗಾದರೆ ಮನೆಯಲ್ಲಿ ಕೂತ ನಾವು ಏನು ಮಾಡುವುದು? ನನಗೆ ದಾರಿ ತೋರಿಸಿದ್ದು 2001ರ ಒಂದು ಡಚ್ ಅಧ್ಯಯನ. ಜನರನ್ನು ತಮ್ಮ ಬಗ್ಗೆ ಬೇಗಬೇಗ ಉತ್ತರ ಕೊಡಿ ಎಂದು ಅವಸರ ಮಾಡಿದಾಗ, ಇಲ್ಲವೇ ತಲೆಯಲ್ಲಿ ಇನ್ನೇನೋ ಹೊರೆ ಇಟ್ಟುಕೊಂಡು ಉತ್ತರ ಕೊಡಿಸಿದಾಗ, ಬಾಯಿಮಾತು ಒಳಗಿನ ಬೆಲೆಗೆ ಹತ್ತಿರ ಬಂತು. ಅಂದರೆ ಪುರುಸೊತ್ತಿನಲ್ಲಿ ನಾವು ಯೋಚಿಸಿ ಸರಿಮಾಡಿಕೊಂಡು ಹೇಳುತ್ತೇವೆ. ಅವಸರದಲ್ಲಿ, ಸುಸ್ತಿನಲ್ಲಿ ಒಳಗಿನದೇ ಹೊರಬೀಳುತ್ತದೆ. ನೋಡಬೇಕಾದ್ದು ಆ ಹೊತ್ತನ್ನೇ.

ಅಂಗಡಿಯಿಂದ ಒಂದು ಚಿಕ್ಕ ನೋಟ್‌ಬುಕ್ ತನ್ನಿ. ಬ್ಯಾಗಿನಲ್ಲಿ ಇಡುವಂಥದ್ದು. ಎರಡು ವಾರ ಬರೆಯಿರಿ. ದಿನಕ್ಕೆ ಒಂದೇ ಘಟನೆ ಸಾಕು. ಏನಾಯಿತು, ಬಾಯಿ ಏನೆಂದಿತು, ಮೈ ಏನು ಮಾಡಿತು. ಕಾರಣ ಬರೆಯಬೇಡಿ, ತೀರ್ಪು ಬರೆಯಬೇಡಿ. ನನ್ನದರಿಂದಲೇ ಮೂರು ಇಲ್ಲಿ ಕೊಡುತ್ತೇನೆ.

"ಸೋಮವಾರ. ಬಸ್ಸು. ಕಂಡಕ್ಟರ್ ಆಧಾರ್ ಕಾರ್ಡ್ ಕೇಳಿದ. ಬ್ಯಾಗಿನಿಂದ ತೆಗೆಯಲು ಅರ್ಧ ನಿಮಿಷ ಆಯಿತು. ಸಾರಿ ಸಾರಿ ಅಂತ ಮೂರು ಸಲ ಅಂದೆ. ಕಿವಿ ಬಿಸಿಯಾಯಿತು."

"ಗುರುವಾರ. ಸ್ಟಾಫ್ ರೂಮ್. ಸೀರೆ ಚೆನ್ನಾಗಿದೆ ಮೇಡಂ ಅಂದರು. ಅಯ್ಯೋ ಹಳೇದು, ಮುನ್ನೂರು ರೂಪಾಯಿದು ಅಂದೆ. ಅವರು ರೇಟು ಕೇಳಿರಲಿಲ್ಲ. ಸೆರಗು ಎಳೆದುಕೊಂಡೆ."

"ಶನಿವಾರ. ಅಮಾನಿಕೆರೆ ವಾಕಿಂಗ್. ಹಿಂದೆ ಯಾರೋ ನಕ್ಕರು. ನನ್ನನ್ನೇ ನೋಡಿ ಅನಿಸಿತು. ಹೆಜ್ಜೆ ಬೇಗ ಹಾಕಿದೆ. ತಿರುಗಿ ನೋಡಿದರೆ ಹುಡುಗಿ ಫೋನಿನಲ್ಲಿ ಮಾತಾಡುತ್ತಿದ್ದಳು."

ಹತ್ತು ಪ್ರಶ್ನೆಗಳ ಪಟ್ಟಿಯಲ್ಲಿ ನನಗೆ 30ಕ್ಕೆ 26 ಬಂದಿತ್ತು. ಆ 26ರ ಪಕ್ಕ ಈ ಹಾಳೆಗಳನ್ನು ಇಟ್ಟು ನೋಡಿದ ದಿನ ನಾನು ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಎರಡರಲ್ಲಿ ಯಾವುದೂ ಸುಳ್ಳಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಕಾಲ ಬೇಕಾಯಿತು.

ಚೆನ್ನಾಗಿದ್ದ ಗಳಿಗೆಗಳನ್ನೂ ತಪ್ಪದೆ ಬರೆಯಿರಿ. ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದಾಗ ನನ್ನ ಕೈ ಹಗುರ, ದನಿ ಗಟ್ಟಿ. ಯಾರು ಬಂದು ಹಿಂದಿನ ಬೆಂಚಿನಲ್ಲಿ ಕೂತರೂ ಅಳುಕಿಲ್ಲ. ಇಪ್ಪತ್ತು ವರ್ಷ ಎದುರಿಗೆ ಕೂತು ಅರ್ಥವಾಯಿತು ಎಂದು ತಲೆ ಆಡಿಸಿದ ಮುಖಗಳು ಆ ಗಟ್ಟಿತನವನ್ನು ಕೊಟ್ಟಿವೆ. ಒಳಗಿನ ಬೆಲೆ ಏರುವುದು ಹೇಗೆ ಎಂಬುದಕ್ಕೆ ನನಗೆ ಸಿಕ್ಕ ಮೊದಲ ಸುಳಿವು ಇದು.

ಥಳುಕು, ಹುಳುಕು ಎನ್ನುವ ಮೊದಲು

ಹೊರಗೆ ಥಳುಕು ಒಳಗೆ ಹುಳುಕು ಎಂಬ ಮಾತು ನಮ್ಮಲ್ಲಿ ಬೇಗ ಬಾಯಿಗೆ ಬರುತ್ತದೆ. ಯಾರಾದರೂ ಧೈರ್ಯವಾಗಿ ಮಾತಾಡಿದರೆ, ಅದರಲ್ಲೂ ಹೆಣ್ಣುಮಗಳು ಮಾತಾಡಿದರೆ, ಒಳಗೆ ಟೊಳ್ಳು ಎಂದುಬಿಡುತ್ತಾರೆ. ಮನಶ್ಶಾಸ್ತ್ರದಲ್ಲೂ ಇಂಥದೇ ಒಂದು ವಾದ ಇದೆ. ಹೊರಗಿನ ಬೆಲೆ ಹೆಚ್ಚು, ಒಳಗಿನದು ಕಡಿಮೆ ಇದ್ದವರು ತಮ್ಮನ್ನು ತಾವು ಮೆರೆಸಿಕೊಳ್ಳುವುದು ಜಾಸ್ತಿ, ತಮ್ಮ ಗುಂಪಿನವರನ್ನೇ ಎತ್ತಿಹಿಡಿಯುವುದು ಜಾಸ್ತಿ ಎಂದು 2003ರಲ್ಲಿ ಕೆನಡಾದ ಸಂಶೋಧಕರು ತೋರಿಸಿದ್ದರು. ಆದರೆ 2008ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೆರೆಯುವವರೆಲ್ಲ ಒಳಗೆ ಕುಗ್ಗಿದವರು ಎಂಬ ಮಾತು ಗಟ್ಟಿಯಾಗಿ ನಿಲ್ಲಲಿಲ್ಲ. ಆದ್ದರಿಂದ ನೋಟ್‌ಬುಕ್ ನಿಮ್ಮ ಮೇಲೆ ಮಾತ್ರ ಬಳಸಿ. ಪಕ್ಕದ ಮನೆಯವರನ್ನು ಅಳೆಯಲು ಅದನ್ನು ತೆಗೆಯಬೇಡಿ.

ಇದರ ತಿರುಗು ಮುರುಗು ಕೂಡ ಇದೆ. ಒಳಗೆ ಬೆಲೆ ಚೆನ್ನಾಗಿದ್ದು, ಬಾಯಲ್ಲಿ ಮಾತ್ರ "ನನ್ನ ಕೈಲಿ ಆಗಲ್ಲ" ಎನ್ನುವವರು. ಪ್ರತಿ ಬ್ಯಾಚಿನಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ ಅನಿಸುತ್ತದೆ. ಪಾಠ ಮಾಡಲು ನಿಂತಾಗ ಕೈ ಸ್ವಲ್ಪವೂ ನಡುಗುವುದಿಲ್ಲ, ಇಳಿದು ಬಂದು ಕೆಟ್ಟದಾಯಿತು ಎಂದು ಅಳುತ್ತಾರೆ. ಇವರದು ಚಿಕ್ಕ ತೊಂದರೆ ಎಂದುಕೊಳ್ಳಬೇಡಿ. ಯುರೋಪಿನ ಕೆಲವು ಅಧ್ಯಯನಗಳಲ್ಲಿ ಈ ಬಗೆಯ ಅಂತರದ ಜೊತೆಗೇ ಮನಸ್ಸಿನ ನೋವೂ ಹೆಚ್ಚಾಗಿ ಕಂಡಿದೆ. ಇಂಥವರಿಗೆ ಮಾತು ಕೆಲಸ ಮಾಡುತ್ತದೆ. ಅವರು ಮಾಡಿದ್ದನ್ನು ಸಾಕ್ಷಿ ಸಮೇತ ತೋರಿಸಬೇಕು. "ಹತ್ತೂವರೆಗೆ ನೀನು ಆ ಪ್ರಶ್ನೆ ಕೇಳಿದೆ, ಕೊನೇ ಬೆಂಚಿನ ಹುಡುಗ ಕೈ ಎತ್ತಿದ, ಕಂಡೆಯಾ?" ಎಂದು ಕೇಳಬೇಕು.

ನನ್ನಂಥವರಿಗೆ ಮಾತು ಸಾಲುವುದಿಲ್ಲ.

ವಾದ ಮಾಡಿ ಏರಿಸಲು ಆಗುವುದಿಲ್ಲ

ಕನ್ನಡಿ ಮುಂದೆ ನಿಂತು "ನಾನು ಪ್ರೀತಿಗೆ ಅರ್ಹಳು" ಎಂದು ದಿನಾ ಹೇಳಿಕೊಳ್ಳಿ ಎಂದು ಸಲಹೆ ಕೊಡುವವರು ತುಂಬಾ ಜನ. ನಾನೂ ಒಂದು ತಿಂಗಳು ಮಾಡಿದೆ. ಪ್ರತಿ ಸಲ ಹೇಳಿದಾಗಲೂ ಒಳಗಿನಿಂದ ಒಂದು ದನಿ "ಹೌದಾ?" ಎಂದು ಕೇಳುತ್ತಿತ್ತು. ಆಮೇಲೆ ಓದಿದೆ, ಕೆನಡಾದ ವಾಟರ್‌ಲೂನಲ್ಲಿ ಜೋಆನ್ ವುಡ್ ಮತ್ತು ಜೊತೆಗಾರರು 2009ರಲ್ಲಿ ಇದನ್ನೇ ಪರೀಕ್ಷಿಸಿದ್ದರು. ತಮ್ಮ ಬಗ್ಗೆ ಕಡಿಮೆ ಬೆಲೆ ಇದ್ದವರು ಇಂಥ ವಾಕ್ಯವನ್ನು ಹೇಳಿಕೊಂಡಾಗ ಅವರ ಮನಸ್ಸು ಇನ್ನಷ್ಟು ಕುಗ್ಗಿತು. ಯಾರಿಗೆ ಬೇಕಿತ್ತೋ ಅವರಿಗೇ ಆಗಿಬರಲಿಲ್ಲ.

ಒಳಗಿನ ಬೆಲೆ ಕಟ್ಟುವಾಗ ಯಾರೂ ನಮಗೆ ಕಾರಣ ಹೇಳಿ ಒಪ್ಪಿಸಿರಲಿಲ್ಲ. ಅದು ಮುಖ ನೋಡಿ, ದನಿ ಕೇಳಿ, ಅದೇ ಅದೇ ನಡೆದು ನಡೆದು ಕಟ್ಟಿಕೊಂಡದ್ದು. ತಂದೆತಾಯಿ ಅಕ್ಕರೆಯಿಂದ ನೋಡಿಕೊಂಡರು ಎನ್ನುವ ಯುವಕ ಯುವತಿಯರಲ್ಲಿ ಒಳಗಿನ ಬೆಲೆ ಹೆಚ್ಚಿತ್ತು, ಅತಿಯಾಗಿ ಕಾಯುತ್ತಿದ್ದರು ಎನ್ನುವವರಲ್ಲಿ ಕಡಿಮೆ ಇತ್ತು ಎಂದು 2006ರ ಒಂದು ಅಧ್ಯಯನ ಹೇಳುತ್ತದೆ. ಅದನ್ನು ಓದಿದಾಗ ನನಗೆ ಅಟ್ಟದ ಕೆಳಗಿನ ಆ ಎರಡು ರಾಶಿ ನೆನಪಾಯಿತು. ಅಪ್ಪನಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ಒಂದು ಹಸಿ ಕಾಯಿ ಸೇರಿದರೂ ಮಾರುಕಟ್ಟೆಯಲ್ಲಿ ತಲೆ ತಗ್ಗಿಸಬೇಕು ಎಂಬ ಭಯ ಅವರದು. ಕೊಬ್ಬರಿ ರೇಟು ಬಿದ್ದ ವರ್ಷ ಮನೆಯಲ್ಲಿ ಮಾತೇ ಇರುತ್ತಿರಲಿಲ್ಲ. ಆದರೆ ಹತ್ತು ವರ್ಷದ ಹುಡುಗಿಗೆ ಕಂಡದ್ದು ಮತ್ತೆ ಅಲ್ಲಾಡಿಸುತ್ತಿದ್ದ ಕೈ ಮಾತ್ರ.

ನಡೆದು ನಡೆದು ಕಟ್ಟಿಕೊಂಡದ್ದನ್ನು ನಡೆದು ನಡೆದೇ ತಿದ್ದಬೇಕು. 2004ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಒಂದು ಸರಳವಾದ ಕಂಪ್ಯೂಟರ್ ಆಟ ಮಾಡಿದರು. ಪರದೆ ಮೇಲೆ ಆಡುವವರ ಸ್ವಂತ ಹೆಸರು, ಹುಟ್ಟಿದ ದಿನ, ಇಂಥವು ಬರುತ್ತಿದ್ದವು. ಅದನ್ನು ಒತ್ತಿದ ತಕ್ಷಣ ನಗುಮುಖ ಕಾಣುತ್ತಿತ್ತು. ಅಷ್ಟೇ. ಆಟ ಆಡಿದ ಮೇಲೆ ಅಳೆದಾಗ ಒಳಗಿನ ಬೆಲೆ ಏರಿತ್ತು. ಆಟ ಮುಗಿದ ಕೂಡಲೇ ಅಳೆದದ್ದು ಅದು, ಆದ್ದರಿಂದ ಒಂದು ಸಲಕ್ಕೇ ಜೀವನ ಬದಲಾಗುತ್ತದೆ ಎಂದು ನಾನು ಹೇಳುವುದಿಲ್ಲ. ನನ್ನ ಹೆಸರು, ಆಮೇಲೆ ಒಂದು ನಗುಮುಖ. ಇದನ್ನು ಮನೆಯಲ್ಲಿ, ಕೆಲಸದಲ್ಲಿ ಎಲ್ಲೆಲ್ಲಿ ತರಬಹುದು ಎಂದು ಹುಡುಕಿದೆ.

ನಿಮ್ಮನ್ನು ಕಂಡರೆ ಮುಖ ಅರಳುವವರು ಯಾರು ಎಂದು ಮೊದಲು ಯೋಚಿಸಿ. ತುಂಬಾ ಜನ ಬೇಡ. ನನಗೆ ಒಬ್ಬ ಹಳೇ ಗೆಳತಿ ಇದ್ದಾಳೆ, ಶಿರಾ ಗೇಟ್ ಹತ್ತಿರ. "ಬಂದ್ಯೇನೇ!" ಎನ್ನುವ ಅವಳ ಆ ಒಂದು ಕೂಗಿಗಾಗಿ ವಾರಕ್ಕೆ ಎರಡು ಸಲ ಹೋಗುತ್ತೇನೆ. ಹೋಗಿ ಕಷ್ಟ ಹೇಳಿಕೊಳ್ಳುವುದಿಲ್ಲ. ಕಾಫಿ ಕುಡಿದು ಬರುತ್ತೇನೆ. ಇದನ್ನು ಟೈಮ್ ಪಾಸ್ ಎಂದು ಬಿಡಬೇಡಿ. ಮಾತ್ರೆಯಂತೆ ತಪ್ಪದೆ ತೆಗೆದುಕೊಳ್ಳಿ.

ಯಾರಾದರೂ ಹೊಗಳಿದಾಗ "ಥ್ಯಾಂಕ್ಸ್, ಖುಷಿಯಾಯ್ತು" ಎಂದು ಹೇಳಿ ಬಾಯಿ ಮುಚ್ಚಿ. ಮುನ್ನೂರು ರೂಪಾಯಿ ಎಂದು ಸೇರಿಸಬೇಡಿ. ಆಮೇಲೆ ಎದುರಿಗಿರುವವರ ಮುಖವನ್ನು ಒಂದು ಉಸಿರಿನಷ್ಟು ಹೊತ್ತು ನೋಡಿ. ನಾನು ಮೊದಲು ನೆಲ ನೋಡುತ್ತಿದ್ದೆ, ಹೊಗಳಿಕೆ ಕಿವಿಗೆ ಬಿದ್ದರೂ ಆ ನಗು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಒಳಗಿನದಕ್ಕೆ ಬೇಕಾದ್ದು ಆ ನಗು. ಇದೊಂದು ಅಭ್ಯಾಸಕ್ಕೆ ನನಗೆ ಹತ್ತಿರ ಹತ್ತಿರ ಆರು ತಿಂಗಳು ಬೇಕಾಯಿತು, ಇವತ್ತಿಗೂ ಕೆಲವು ಸಲ ತಪ್ಪುತ್ತದೆ.

ತಪ್ಪು ಮಾಡಿದಾಗ ನಿಮ್ಮನ್ನು ನೀವು ಏನೆಂದು ಕರೆದುಕೊಳ್ಳುತ್ತೀರಿ, ಕೇಳಿಸಿಕೊಳ್ಳಿ. "ದಡ್ಡಿ" ಎನ್ನುತ್ತಿದ್ದೆ ನಾನು, ಬೀಗದ ಕೈ ಮರೆತರೂ ದಡ್ಡಿಯೇ. ಈಗ ಮನೆಯಲ್ಲಿ ಕರೆಯುವ ಹೆಸರಿನಿಂದ ಕರೆದುಕೊಳ್ಳುತ್ತೇನೆ. ಅವ್ವ ಕರೆಯುತ್ತಿದ್ದ ಹಾಗೆ, ಅದೇ ರಾಗದಲ್ಲಿ. "ಬೀಗದ ಕೈ ಬಿಟ್ಟು ಬಂದಿದ್ದೀಯ ಕಣೇ, ಹೋಗಿ ತಗೊಂಡು ಬಾ." ದೊಡ್ಡ ವಾಕ್ಯಗಳಿಗಿಂತ ಇದು ನನಗೆ ಆಗಿಬಂತು. ಯಾಕೆಂದರೆ ಇದರಲ್ಲಿ ಒಳಗಿನವಳು ಅಲ್ಲಗಳೆಯುವಂಥದ್ದು ಏನೂ ಇಲ್ಲ.

ಅಂಕಪಟ್ಟಿಯನ್ನು ಈಗ ಎರಡು ಸಲ ಕೂಡುತ್ತೇನೆ. ಐದರಿಂದ ನಾಲ್ಕು, ನಾಲ್ಕರಿಂದ ಮೂರು, ಹೀಗೆ ತಿಂಗಳಿಗೆ ಒಂದರಂತೆ ಇಳಿಸಿದೆ. ಪ್ರತಿ ಸಲ ಕೊಟ್ಟು ಬಂದ ಮೇಲೆ ನೋಟ್‌ಬುಕ್ಕಿನಲ್ಲಿ "ಸರಿಯಿತ್ತು" ಎಂದು ಬರೆದೆ. ಒಮ್ಮೆ ತಪ್ಪೂ ಆಯಿತು, ಒಬ್ಬ ಹುಡುಗನ ಎರಡು ಅಂಕ ಬಿಟ್ಟುಹೋಗಿತ್ತು. ಅವನು ಬಂದು ಹೇಳಿದ, ತಿದ್ದಿಕೊಟ್ಟೆ, ಹೋದ. ಅದನ್ನೂ ಬರೆದೆ.

ಎರಡು ವಾರಕ್ಕೂ ಮೀರಿ ಮನಸ್ಸು ಕತ್ತಲಾಗಿಯೇ ಇದ್ದರೆ, ನಿದ್ದೆ ಊಟ ಕೆಟ್ಟರೆ, ಬದುಕೇ ಬೇಡ ಅನಿಸಿದರೆ ಈ ನೋಟ್‌ಬುಕ್ ಸಾಕಾಗುವುದಿಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬದುಕು ಬೇಡ ಅನಿಸಿದ ಹೊತ್ತಿನಲ್ಲಂತೂ ಎರಡು ವಾರ ಕಾಯಬೇಡಿ, ಆಗಲೇ ಮಾಡಿ.

ಮನೆಯಲ್ಲಿ ಮಕ್ಕಳಿದ್ದರೆ ಒಂದೇ ಒಂದು ಕೇಳಿಕೊಳ್ಳುತ್ತೇನೆ. ಅವರು ಮಾಡಿದ ಕೆಲಸವನ್ನು ಅವರ ಕಣ್ಣೆದುರಿಗೆ ಮತ್ತೆ ಮಾಡಬೇಡಿ. ನನ್ನ ಮಗಳು ಒಂಬತ್ತನೇ ಕ್ಲಾಸು. ಅವಳು ಮಡಿಸಿದ ಬಟ್ಟೆಯನ್ನು ಬಿಡಿಸಿ ಮತ್ತೆ ಮಡಿಸುತ್ತಿದ್ದೆ. ಅವಳು ಕಟ್ಟಿದ ಮುದ್ದೆಯನ್ನು ಕೈ ಒದ್ದೆ ಮಾಡಿಕೊಂಡು ಮತ್ತೆ ಗುಂಡಗೆ ಮಾಡುತ್ತಿದ್ದೆ. ಬೈಯುತ್ತಿರಲಿಲ್ಲ, ಅಪ್ಪನ ಹಾಗೇ. ಒಂದು ದಿನ ತಟ್ಟೆಯ ಮೇಲೆ ನನ್ನ ಕೈ ಇರುವಾಗ ಅವಳ ಮುಖ ಕಂಡಿತು. ನಿಲ್ಲಿಸಿದೆ.

ಮೊನ್ನೆ ಅಪ್ಪ ಊರಿನಿಂದ ಬಂದಿದ್ದರು. 78 ವರ್ಷ ಈಗ, ಕಿವಿ ಮಂದ. ಮಗಳು ಹಿಟ್ಟು ತಿರುವಿ ಮುದ್ದೆ ಕಟ್ಟಿದಳು. ಒಂದು ಪಕ್ಕ ಚಪ್ಪಟೆಯಾಗಿತ್ತು. ಹಾಗೇ ಅಪ್ಪನ ತಟ್ಟೆಗೆ ಹಾಕಿದೆ. ಅವರು ಮುರಿದು, ಬಸ್ಸಾರಿಗೆ ಅದ್ದಿ, ನುಂಗಿ, ಇನ್ನೊಂದು ತುತ್ತು ಮುರಿದರು.

"ಗಂಟಿಲ್ಲ ಕಣಮ್ಮ" ಅಂದರು, ಅವಳ ಮುಖ ನೋಡಿ.

ಅವಳು ಇನ್ನೊಂದು ಕಟ್ಟಲು ಒಳಗೆ ಹೋದಳು.